ಎರಡು ಕಣ್ಣಿನ ಕ್ಯಾಮೆರಾ ಮಾರಿದ್ದು

ನಮ್ಮ ಕೂಟದಲ್ಲಿ ಮಾರುವವನ ಮೊದಲ ಕೆಲಸ ತನ್ನ ಮಾಲಿನ ಮೇಲೆ ತಾನೇ ಚಾಡಿ ಹೇಳುವುದು. ಗೀರು ಎಲ್ಲಿದೆ, ತೊಗಲು ಎಲ್ಲಿ ಎದ್ದಿದೆ, ಯಾವ ಸ್ಪೀಡು ಎಳೆದಾಡುತ್ತದೆ, ಎಲ್ಲವನ್ನೂ ಫೋಟೋ ಸಮೇತ ಮೊದಲೇ ಹಾಕಬೇಕು. ಕೊಳ್ಳುವವನ ಕೆಲಸವೂ ಕಮ್ಮಿಯೇನಲ್ಲ. ಪಾರ್ಸೆಲ್ ಕೈಗೆ ಬಂದ ಮೂರು ದಿನದೊಳಗೆ ಬಿಚ್ಚಿ, ಪರೀಕ್ಷೆ ಮಾಡಿ, ಸರಿ ಇದೆ ಅಥವಾ ಇಲ್ಲ ಅಂತ ಬರೆಯಬೇಕು. ಸ್ಕ್ರೂ ಮಾತ್ರ ಮುಟ್ಟುವಂತಿಲ್ಲ. ಮುಟ್ಟಿದರೆ ಮಾಲು ಅವನದೇ, ಆಮೇಲೆ ಬಾಯಿ ಬಡಿದುಕೊಂಡರೂ ಯಾರೂ ಕೇಳುವುದಿಲ್ಲ.

ಕೂಟ ಅಂದರೆ ಇಂಟರ್‌ನೆಟ್ಟಿನ ಕೂಟ. ಹಳೇ ಫಿಲ್ಮ್ ಕ್ಯಾಮೆರಾಗಳ ಹುಚ್ಚು ಹತ್ತಿದವರು ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಬಂದು ಹರಟುತ್ತಿದ್ದರು, ಜಗಳ ಆಡುತ್ತಿದ್ದರು, ಮಾರುವುದು ಕೊಳ್ಳುವುದನ್ನೂ ಮಾಡುತ್ತಿದ್ದರು. ಒಬ್ಬರ ಮುಖ ಒಬ್ಬರು ಕಂಡಿದ್ದಿಲ್ಲ. ಆದ್ದರಿಂದ ಅಲ್ಲಿ ಮನುಷ್ಯ ಅಂದರೆ ಅವನ ಹೆಸರು, ಹೆಸರಿನ ಮುಂದೆ ಹಿಂದಿನ ವ್ಯವಹಾರದವರು ಬರೆದ ನಾಲ್ಕು ಮಾತು, ಅಷ್ಟೇ. ತಕರಾರು ಬಂದರೆ ಕೂಟದ ಮಧ್ಯಸ್ಥರು ಹೆಸರಿನ ಪಕ್ಕ ಒಂದು ಕರಿ ಚುಕ್ಕೆ ಇಡುತ್ತಿದ್ದರು. ಅದು ಇರುವ ತನಕ ಯಾರೂ ಅವನಿಗೆ ಏನನ್ನೂ ಕೊಡುವುದಿಲ್ಲ, ಅವನಿಂದ ಏನನ್ನೂ ತಗೊಳ್ಳುವುದಿಲ್ಲ.

ನನಗೆ ಹಗರಿಬೊಮ್ಮನಹಳ್ಳಿಯಲ್ಲಿ ಎರಡು ಕಂಪ್ಯೂಟರಿನ ಒಂದು ಇಂಟರ್‌ನೆಟ್ ಅಂಗಡಿ ಇತ್ತು. ಪರದೆಯ ಹಿಂದೆ ಕ್ಯಾಮೆರಾ ರಿಪೇರಿಯ ಮೇಜು. ಮುಂದಿನದು ಹೊಟ್ಟೆಗೆ, ಹಿಂದಿನದು ಹುಚ್ಚಿಗೆ ಅಂತ ನನ್ನ ಹೆಂಡತಿ ಆಡಿಕೊಳ್ಳುತ್ತಿದ್ದಳು. ಡಿಜಿಟಲ್ ನಮ್ಮ ಕಡೆ ಆಗಷ್ಟೇ ಕಾಲಿಡುತ್ತಿತ್ತು. ಕೂಡ್ಲಿಗಿಯಿಂದ ಹಡಗಲಿವರೆಗೆ ಎಲ್ಲ ಸ್ಟುಡಿಯೋದವರೂ ಹಳೇ ಕ್ಯಾಮೆರಾ ಕಪಾಟಿನೊಳಗೆ ಇಡಲು ಶುರು ಮಾಡಿದ್ದರು. ಕೆಟ್ಟದ್ದನ್ನು ನಾನು ರಿಪೇರಿ ಮಾಡುತ್ತಿದ್ದೆ, ಸ್ಪ್ರಿಂಗು, ಗೇರು, ಗಾಜು ಎಲ್ಲ ಕೂಟದವರಿಂದಲೇ ತರಿಸುತ್ತಿದ್ದೆ. ಬೇರೆಲ್ಲೂ ಅವು ಸಿಗುತ್ತಿರಲಿಲ್ಲ.

ಹೀಗಿರುವಾಗ ಹರಪನಹಳ್ಳಿಯ ಸ್ಟುಡಿಯೋ ಅಮ್ಮ ಬಂದರು. ಐವತ್ತರ ಹತ್ತಿರದ ಹೆಂಗಸು. ಗಂಡನಿಗೆ ಬೀಜ ಗೊಬ್ಬರದ ಅಂಗಡಿ, ಕ್ಯಾಮೆರಾ ಕಂಡರೆ ಆಗದು. ಇವರು ಮಾವನ ಹತ್ತಿರ ಕೆಲಸ ಕಲಿತು, ಮಾವನ ಸ್ಟುಡಿಯೋವನ್ನು ತಾವೇ ನಡೆಸಿಕೊಂಡು ಬಂದವರು. ನೀಲಗುಂದ, ಹಲವಾಗಲು ಕಡೆಯ ಎಷ್ಟೋ ಮದುವೆಗಳಲ್ಲಿ ಗಂಡಸರ ಗುಂಪನ್ನು 'ಸರೀರಿ ಆ ಕಡಿಗೆ' ಅಂತ ಗದರಿಸಿ ಫೋಟೋ ಹಿಡಿದವರು. ತೊಗಲಿನ ಪೆಟ್ಟಿಗೆಯಿಂದ ಒಂದು ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟರು. ಮೇಲೊಂದು ಲೆನ್ಸು, ಕೆಳಗೊಂದು ಲೆನ್ಸು. ಮೇಲಿನದು ನಾವು ನೋಡುವುದಕ್ಕೆ, ಕೆಳಗಿನದು ಫಿಲ್ಮು ನೋಡುವುದಕ್ಕೆ. ಅವರು ಅದನ್ನು 'ಎರಡ್ಗಣ್ಣಿ' ಅಂತಿದ್ದರು.

ಹಲವಾಗಲಿನಲ್ಲಿ ಒಂದು ದೊಡ್ಡ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಫೋಟೋ ಸೀಡಿಯಲ್ಲೇ ಬೇಕು ಅಂತ ಪಟ್ಟು ಹಿಡಿದಿದ್ದರು. ದಾವಣಗೆರೆಯ ವ್ಯಾಪಾರಿಯೊಬ್ಬ ಒಂದು ಡಿಜಿಟಲ್ ಕ್ಯಾಮೆರಾವನ್ನು ಇವರಿಗಾಗಿ ಎತ್ತಿಟ್ಟಿದ್ದ. ಎರಡ್ಗಣ್ಣಿ ಮಾರಿದರೆ ಅದು ಬರಬೇಕು, ಅದು ಬಂದರೆ ಮದುವೆ ಇವರ ಕೈಯಲ್ಲಿ ಉಳಿಯಬೇಕು. ಈ ಒಂದು ಮದುವೆ ಹೋದರೆ ಆ ಸುತ್ತಿನ ಊರೆಲ್ಲ ಬಸ್‌ಸ್ಟ್ಯಾಂಡ್ ಹತ್ತಿರದ ಹೊಸ ಸ್ಟುಡಿಯೋದವನ ಪಾಲು ಅಂತ ಅವರಿಗೆ ಗೊತ್ತಿತ್ತು. ಅದನ್ನು ಮುಚ್ಚಿಡದೆ ಹೇಳಿದರು.

ನಾನು ಕ್ಯಾಮೆರಾವನ್ನು ಇಟ್ಟುಕೊಂಡು ನೋಡಿದೆ. ಹಿಂಬದಿ ತೆಗೆದು, ಶಟರ್ ತೆರೆದಿಟ್ಟು, ಹಿಂದಿನಿಂದ ಬ್ಯಾಟರಿ ಬಿಟ್ಟೆ. ಲೆನ್ಸಿನೊಳಗೆ ಬೂಷ್ಟಿಲ್ಲ. ಶಟರಿನ ಎಲೆಗಳಲ್ಲಿ ಎಣ್ಣೆಯ ಗುರುತಿಲ್ಲ. ಒಂದೊಂದೇ ಸ್ಪೀಡು ಹಾಕಿ ಕಿವಿಗೆ ಹಿಡಿದೆ. ಇಂಥ ಶಟರಿನ ಆರೋಗ್ಯ ತಿಳಿಯುವುದು ನಿಧಾನದ ಸ್ಪೀಡಿನಲ್ಲಿ. ಪೂರ್ತಿ ಒಂದು ಸೆಕೆಂಡಿಗೆ ಇಟ್ಟು ಒತ್ತಿದರೆ ಒಳಗಿನ ಸಣ್ಣ ಗೇರುಗಳು ಸರ್ರನೆ ಒಂದೇ ಸಮ ಓಡಬೇಕು, ನಡುವೆ ಎಡವಬಾರದು. ಎಡವಲಿಲ್ಲ. ಬಲಗಡೆಯ ಗೀರು, ಅಡಿಯಲ್ಲಿ ಎದ್ದ ತೊಗಲು, ಮೇಲಿನ ಗಾಜಿನ ಮೂಲೆಯ ಸಣ್ಣ ಸೀಳು, ಎಲ್ಲದರ ಫೋಟೋ ತೆಗೆದು ಕೂಟದಲ್ಲಿ ಹಾಕಿದೆ. ಮಾರುವವನ ಹೆಸರು ನನ್ನದೇ. ಅಮ್ಮನಿಗೆ ಕೂಟದಲ್ಲಿ ಹೆಸರಿರಲಿಲ್ಲ.

ಕಲ್ಕತ್ತೆಯ ಒಬ್ಬ ಹಲ್ಲಿನ ಡಾಕ್ಟರು ತಗೊಳ್ಳುತ್ತೇನೆ ಅಂದರು. ದುಡ್ಡೂ ಕಳಿಸಿದರು. ಆದರೆ ಕೂಟದ ನಿಯಮದಂತೆ, ಕೊಂಡವರು ಸರಿ ಇದೆ ಅಂತ ಬರೆಯುವ ತನಕ ನಾನು ಅದನ್ನು ಮುಟ್ಟುವ ಹಾಗಿರಲಿಲ್ಲ. ಅಮ್ಮನಿಗೂ ಹೇಳಿದ್ದೆ. 'ಇಷ್ಟು ದಿನ ತಡದೀನಿ, ಇನ್ನೊಂದು ವಾರ ಏನು ಮಹಾ' ಅಂದಿದ್ದರು.

ಪಾರ್ಸೆಲ್ ಕಟ್ಟುವ ದಿನ ಅವರೇ ಬಂದರು. ನಮ್ಮೂರಿನ ಕೊರಿಯರ್ ಏಜೆಂಟನೂ ತಗೊಂಡು ಹೋಗಲು ಬಂದು ಕೂತಿದ್ದ. ಇನ್ನೇನು ಹತ್ತಿಯಲ್ಲಿ ಸುತ್ತಬೇಕು, ಅಮ್ಮ 'ತಡೀರಿ' ಅಂದರು. ಚೀಲದಿಂದ ವಿಭೂತಿ ಗಟ್ಟಿ ತೆಗೆದು, ನನ್ನ ಕುಡಿಯುವ ನೀರಿನಿಂದ ಎರಡು ಹನಿ ಹಾಕಿ ತೇಯ್ದು, ಮೂರು ಬೆರಳಿನಲ್ಲಿ ಎರಡ್ಗಣ್ಣಿಯ ಹಣೆಗೆ ಎಳೆದರು. ಹಣೆ ಅಂದರೆ ಮೇಲಿನ ಲೆನ್ಸಿಗಿಂತ ಮೇಲಿರುವ ತಗಡಿನ ಪಟ್ಟಿ. ನಡುವೆ ಒಂದು ಕುಂಕುಮದ ಬೊಟ್ಟು.

“ಮನಿಯಿಂದ ಹೊಂಟದ್ದನ್ನ ಬರಿ ಹಣಿಲೆ ಕಳಸಬಾರದ್ರಿ,” ಅಂದರು.

ನಾನು ಕೈ ಮುಗಿದೆ. ಕೊರಿಯರಿನವನು ಚಪ್ಪಲಿ ಕಳಚಿ ಅವನೂ ಮುಗಿದ. ಕೊಂಡವರು ಏನಾದರೂ ಅಂದುಕೊಂಡಾರು ಅಂತ ಅಮ್ಮ ಸೆರಗಿನ ತುದಿಯಿಂದ ಮೇಲೆ ಮೇಲೆ ಒರೆಸಿದರು. ಶಟರನ್ನು ಒತ್ತಿ ಸ್ಪ್ರಿಂಗ್ ಸಡಿಲ ಮಾಡಿ, ತೊಗಲಿನ ಪೆಟ್ಟಿಗೆಗೆ ಹಾಕಿ, ಹತ್ತಿ, ಥರ್ಮೋಕೋಲು, ರಟ್ಟಿನ ಪೆಟ್ಟಿಗೆ, ಮೇಲೆ ಬಿಳಿ ಬಟ್ಟೆ ಹೊಲಿದು ಕಳಿಸಿಯಾಯಿತು.

ಎಂಟೊಂಬತ್ತು ದಿನಕ್ಕೆ ಡಾಕ್ಟರ ಮೇಲ್ ಬಂತು. ನಿಧಾನದ ಸ್ಪೀಡುಗಳು ಓಡುತ್ತಿಲ್ಲ, ಒಂದು ಸೆಕೆಂಡಿಗೆ ಇಟ್ಟರೆ ಶಟರ್ ತೆರೆದದ್ದು ತೆರೆದ ಹಾಗೇ ನಿಲ್ಲುತ್ತದೆ, ಲೆನ್ಸಿನ ಸುತ್ತ ಬೂದು ಬಣ್ಣದ ಪುಡಿ ಇದೆ, ಇದನ್ನು ನೀವು ವಿವರದಲ್ಲಿ ಹೇಳಿರಲಿಲ್ಲ, ಅಂತ. ನನಗೆ ಪಿತ್ತ ನೆತ್ತಿಗೇರಿತು. ನನ್ನ ಕಿವಿಯಲ್ಲಿ ಸರ್ರನೆ ಓಡಿದ ಗೇರು ಕಲ್ಕತ್ತೆಗೆ ಹೋಗಿ ಯಾಕೆ ನಿಲ್ಲಬೇಕು? ನೀವು ಮುಂದಿನ ಸ್ಕ್ರೂ ಬಿಚ್ಚಿದ್ದೀರಾ ಅಂತ ಬಿಗಿಯಾಗಿಯೇ ಕೇಳಿದೆ. ಅವರಿಗೂ ಸಿಟ್ಟು ಬಂತು. ಯಾವುದನ್ನು ಬಿಚ್ಚಬೇಕು, ಯಾವುದನ್ನು ಬಿಚ್ಚಬಾರದು ಅನ್ನುವುದೇ ನನ್ನ ಕಸುಬು ಸ್ವಾಮಿ, ಅಂತ ಬರೆದರು. ಈ ಕಾಗದಗಳ ಪ್ರತಿ ಮಧ್ಯಸ್ಥರಿಗೂ ಹೋಯಿತು. ಸಂಜೆಯೊಳಗೆ ನನ್ನ ಹೆಸರಿನ ಪಕ್ಕ ಕರಿ ಚುಕ್ಕೆ ಬಂದು ಕೂತಿತು. ಅದೇ ವಾರ ನನಗೆ ಒಂದು ಸ್ಪ್ರಿಂಗ್ ಕಳಿಸಬೇಕಿದ್ದ ಮದರಾಸಿನವರು, ಇದು ಮುಗಿಯಲಿ ಆಮೇಲೆ ನೋಡೋಣ ಅಂದರು.

ಅಮ್ಮನಿಗೆ ಫೋನ್ ಮಾಡಿ, ತಕರಾರು ಬಂದಿದೆ, ಸ್ವಲ್ಪ ತಡವಾಗಬಹುದು ಅಂದೆ. ದಾವಣಗೆರೆಯವನು ಭಾನುವಾರದ ತನಕ ಮಾತ್ರ ಕಾಯುತ್ತಾನೆ ಅಂತ ಅವರು ನೆನಪಿಸಿದರು. ಗದರಿಸುವ ದನಿ ಇರಲಿಲ್ಲ. ಗದರಿಸಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಡಾಕ್ಟರು ಫೋಟೋ ಕಳಿಸಿದರು. ಜೊತೆಗೆ ನನಗೆ ಮಾತ್ರ ಅಂತ ಒಂದು ಮೇಲ್. ರಟ್ಟಿನ ಪೆಟ್ಟಿಗೆಯ ಒಂದು ಮೂಲೆ ಜಜ್ಜಿದೆ. ಕೊರಿಯರಿನವರ ಕೈಯಲ್ಲಿ ಪೆಟ್ಟು ಬಿದ್ದು ಕೆಟ್ಟಿತು ಅಂತ ನಾವಿಬ್ಬರೂ ಒಂದೇ ಮಾತು ಬರೆದರೆ ಅವರು ನಷ್ಟ ತುಂಬಿಕೊಡುತ್ತಾರೆ, ನಾನು ಇಲ್ಲೇ ರಿಪೇರಿ ಮಾಡಿಸಿಕೊಳ್ಳುತ್ತೇನೆ, ಇವತ್ತೇ ಸರಿ ಇದೆ ಅಂತ ಬರೆಯುತ್ತೇನೆ, ನಿಮ್ಮ ಚುಕ್ಕೆಯೂ ಹೋಗುತ್ತದೆ, ಅಂತ. ಜಗಳಗಂಟ ಮನುಷ್ಯ ಅಲ್ಲ ಅವರು. ಹೇಗಾದರೂ ಮುಗಿದರೆ ಸಾಕಾಗಿತ್ತು.

ಫೋನಿನ ತಂತಿಯ ಇಂಟರ್‌ನೆಟ್ಟು. ಫೋಟೋ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಇಳಿಯುತ್ತಿತ್ತು. ದಿನಾ ಹಲ್ಲಿನ ಸಂದಿಗಳ ಫೋಟೋ ಹಿಡಿಯುವ ಡಾಕ್ಟರು, ಎಷ್ಟು ಹತ್ತಿರದಿಂದ ಹಿಡಿದಿದ್ದರು ಅಂದರೆ ಶಟರಿನ ಕಡ್ಡಿ ಓಡಾಡುವ ಸಣ್ಣ ಸೀಳು ಪರದೆಯ ಅರ್ಧ ತುಂಬಿತ್ತು. ಸೀಳಿನ ತುಂಬ ಬೂದು ಪುಡಿ. ಬೂಷ್ಟಾದರೆ ಎಳೆ ಎಳೆಯಾಗಿ ಹಬ್ಬಿರುತ್ತದೆ. ಇದು ಪುಡಿ ಪುಡಿ. ತಕ್ಷಣ ಹೊಳೆಯಿತು. ಹಲ್ಲಿನ ಡಾಕ್ಟರು ರಬ್ಬರ್ ಕೈಗವಸು ಹಾಕುತ್ತಾರೆ, ಅದರೊಳಗೆ ಪೌಡರ್ ಇರುತ್ತದೆ! ಸಿಕ್ಕಿಬಿದ್ದರು ಅಂತ ಖುಷಿಯಾಗಿ, ನಿಮ್ಮ ಕೈಗವಸಿನ ಪೌಡರು ನಮ್ಮ ಜವಾಬ್ದಾರಿಯಲ್ಲ ಅಂತ ಅರ್ಧ ಮೇಲ್ ಕುಟ್ಟಿಯೂ ಬಿಟ್ಟೆ.

ಅಷ್ಟರಲ್ಲಿ ಫೋಟೋದ ಕೊನೆಯ ಪಟ್ಟಿ ಇಳಿಯಿತು. ಸೀಳಿನ ಬುಡದಲ್ಲಿ, ಬೂದಿಯ ನಡುವೆ, ಒಂದು ಕೆಂಪು ಕಣ.

ಕೈಗವಸಿನ ಪೌಡರಿನಲ್ಲಿ ಕೆಂಪು ಎಲ್ಲಿಂದ ಬಂತು? ಪರದೆಯಿಂದ ಕಣ್ಣು ಎತ್ತಿದೆ. ಕಂಪ್ಯೂಟರಿನ ಹಣೆಯ ಮೇಲೆ ನನ್ನ ಹೆಂಡತಿ ಸೋಮವಾರ ಎಳೆದ ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಒಣಗಿ, ಸಿಪ್ಪೆ ಎದ್ದು, ಅರ್ಧ ಕೀಲಿಮಣೆಯ ಮೇಲೆ ಉದುರಿತ್ತು. ದಿನಾ ಊದಿ ಕೂರುತ್ತಿದ್ದೆ.

ಕುಟ್ಟಿದ್ದನ್ನು ಅಳಿಸಿದೆ. ಹಸಿ ಇದ್ದಾಗ ತಗಡಿಗೆ ಅಂಟಿಕೊಂಡಿದ್ದ ವಿಭೂತಿ ಒಣಗಿದೆ, ದಾರಿಯುದ್ದಕ್ಕೂ ಲಾರಿಯ ಕುಲುಕಾಟಕ್ಕೆ ಉದುರಿದೆ, ಕೆಳಗಿನ ಸೀಳಿನೊಳಗೆ ಇಳಿದು ಗೇರು ಹಿಡಿದಿದೆ. ಲೆನ್ಸಿನ ಮೇಲೆ ಒಂದು ಕೂದಲು ಕೂತರೂ ತಡೆಯದೆ ಊದುವ ಮನುಷ್ಯ ನಾನು. ನನ್ನ ಮೇಜಿನ ಮೇಲೆ, ನನ್ನ ಕಣ್ಣೆದುರಿಗೇ ಬೂದಿ ಹಚ್ಚಿದರು. ಅದು ಧೂಳು ಅಂತ ಮೂರು ಮಂದಿಯಲ್ಲಿ ಒಬ್ಬರಿಗೂ ಕಾಣಲಿಲ್ಲ. ವಿಭೂತಿಯನ್ನು ಧೂಳು ಅಂತ ನೋಡುವ ಕಣ್ಣು ನಮ್ಮ ಕಡೆ ಯಾರಿಗೂ ಇಲ್ಲ.

ಬೆಳಿಗ್ಗೆ ಬಸ್ ಹತ್ತಿ, ಕೊಟ್ಟೂರಿನಲ್ಲಿ ಬದಲಿಸಿ, ಹರಪನಹಳ್ಳಿಗೆ ಹೋದೆ. ಫೋನಿನಲ್ಲಿ ಹೇಳುವ ಮಾತಲ್ಲ ಇದು. ದಾರಿಯಲ್ಲಿ ಲೆಕ್ಕ ಹಾಕುತ್ತಾ ಕೂತೆ. ಡಾಕ್ಟರು ಹೇಳಿದ ಹಾಗೆ ಮಾಡಿದರೆ ಇವತ್ತೇ ದುಡ್ಡು ಅಮ್ಮನ ಕೈಗೆ, ಭಾನುವಾರದೊಳಗೆ ಕ್ಯಾಮೆರಾ, ಮುಂದಿನ ವಾರ ಮದುವೆ. ನಿಜ ಹೇಳಿದರೆ ಮಾಲು ವಾಪಸ್ ಬರಬೇಕು, ಬಿಚ್ಚಬೇಕು, ತೊಳೆಯಬೇಕು, ಮತ್ತೆ ಹೋಗಬೇಕು. ಮದುವೆ ಅಷ್ಟು ದಿನ ಕಾಯುತ್ತದೆಯೇ. ಹೆಸರು ನನ್ನದು, ಮದುವೆ ಅವರದು. ನಾನೊಬ್ಬನೇ ತೀರ್ಮಾನ ಮಾಡುವ ಹಾಗಿರಲಿಲ್ಲ. ಖರೇ ಹೇಳುತ್ತೇನೆ, ಅವರು ಕೊರಿಯರಿನ ದಾರಿನೇ ಹಿಡಿಯಲಿ ಅಂತ ಒಳಗೊಳಗೇ ಆಸೆಯೂ ಇತ್ತು.

ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಾ ಕೂತಿದ್ದರು. ಹೆಚ್ಚು ಸುತ್ತಿ ಬಳಸದೆ ಹೇಳಿಬಿಟ್ಟೆ. ಮೊದಲು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಸಣ್ಣದಾಯಿತು. ಕತ್ತರಿ ಕೆಳಗಿಟ್ಟರು.

“ಅಂದ್ರ ನಾನು ಹಚ್ಚಿದ್ದು ಹೊಲಸು ಅಂತೀರಿ?”

ಹೊಲಸಲ್ಲ, ಆದರೆ ಗೇರಿಗೆ ಅದು ಗೊತ್ತಾಗುವುದಿಲ್ಲ ಅಂದೆ. ಮಾವ ಇದ್ದಾಗ ಪ್ರತಿ ವರ್ಷ ಮಹಾನವಮಿಗೆ ಎರಡ್ಗಣ್ಣಿಗೆ ಪೂಜೆ ಮಾಡುತ್ತಿದ್ದರಂತೆ, ಆದರೆ ಪೆಟ್ಟಿಗೆಯಿಂದ ಹೊರಗೆ ತೆಗೆಯುತ್ತಿರಲಿಲ್ಲವಂತೆ. ಯಾಕೆ ಅಂತ ಇವರು ಯಾವತ್ತೂ ಕೇಳಿರಲಿಲ್ಲ. ಈಗ ತಿಳಿಯಿತು ಅಂದರು.

ಆಮೇಲೆ ಡಾಕ್ಟರ ಇನ್ನೊಂದು ಮಾತನ್ನೂ ಹೇಳಿದೆ. ಪೆಟ್ಟಿಗೆಯ ಮೂಲೆ ಜಜ್ಜಿರುವುದು, ಕೊರಿಯರಿನ ಮೇಲೆ ಹಾಕಿದರೆ ಇವತ್ತೇ ಎಲ್ಲ ಮುಗಿಯುವುದು. ಅವರು ಕೇಳಿದ್ದು ಒಂದೇ ಪ್ರಶ್ನೆ, ಆ ನಷ್ಟ ಯಾರ ಮೈಮೇಲೆ ಬರುತ್ತದೆ ಅಂತ. ಕಂಪನಿ ಕೊಡುತ್ತದೆ, ಆದರೆ ಮಾಲು ಎತ್ತಿದ ಏಜೆಂಟನ ಕಮಿಷನ್ನಿನಲ್ಲಿ ಮುರಿದುಕೊಳ್ಳುತ್ತಾರೆ ಅಂತ ಅವನೇ ಒಮ್ಮೆ ಹೇಳಿದ್ದ. ಅದನ್ನೂ ಹೇಳಿದೆ. ಹೇಳದೆ ಇರಬಹುದಿತ್ತು.

ಅಮ್ಮ ಕತ್ತರಿಸಿದ ಫೋಟೋಗಳನ್ನು ಸಾಲಾಗಿ ಜೋಡಿಸಿದರು.

“ಅವನೂ ಚಪ್ಪಲಿ ಬಿಟ್ಟು ಕೈ ಮುಗದಾನಲ್ರಿ,” ಅಂದರು. “ಅವನ ಮ್ಯಾಲೆ ಹ್ಯಾಂಗ ಹಾಕೋದು?”

ನಾನು ಮದುವೆಯ ಮಾತು ತೆಗೆದೆ. ಅದು ನಿಮಗೆ ಬಿಟ್ಟದ್ದಲ್ಲ ಅಂತ ಅಂದು, ನನ್ನೆದುರಿಗೇ ಹಲವಾಗಲಿಗೆ ಫೋನ್ ಮಾಡಿದರು. ಕ್ಯಾಮೆರಾ ಬರುವುದು ತಡವಾಗುತ್ತದೆ, ನೀವು ಬೇರೆಯವರನ್ನು ನೋಡಿಕೊಳ್ಳಿ ಅಂತ ಎರಡೇ ಮಾತು. ಆ ಕಡೆಯವರು ತಡಮಾಡದೆ ಹೂಂ ಅಂದಿದ್ದು ಅವರಿಗೆ ಚುಚ್ಚಿತು. ಫೋನ್ ಇಟ್ಟ ಮೇಲೆ, ಬಸ್‌ಸ್ಟ್ಯಾಂಡಿನವನಿಗೆ ಇನ್ನು ಹಬ್ಬ ಅಂತ ಅಂದು, ನನಗೆ ಚಹಾ ತರಿಸಿದರು.

ಊರಿಗೆ ಬಂದು ಡಾಕ್ಟರಿಗೂ ಮಧ್ಯಸ್ಥರಿಗೂ ಒಂದೇ ಮೇಲ್ ಬರೆದೆ. ಪುಡಿ ಬೂದಿಯದು, ಮನೆಯಿಂದ ಕಳಿಸುವಾಗ ಹಣೆಗೆ ಹಚ್ಚುವುದು ನಮ್ಮ ಪದ್ಧತಿ, ಪರೀಕ್ಷೆ ಆದ ಮೇಲೆ ನನ್ನ ಅಂಗಡಿಯಲ್ಲಿ ನನ್ನೆದುರಿಗೇ ಹಚ್ಚಿದ್ದು, ಕೊರಿಯರಿನದೂ ಅಲ್ಲ ನಿಮ್ಮದೂ ಅಲ್ಲ, ಹೋಗಿ ಬರುವ ಖರ್ಚು ನನ್ನದು, ತೊಳೆದು ಕಳಿಸುತ್ತೇನೆ, ಬೇಡವಾದರೆ ನಿಮ್ಮ ಹಣ ವಾಪಸ್, ಅಂತ. ನಿಯಮಕ್ಕಿಂತ ಒಂದು ಸಾಲು ಹೆಚ್ಚು ಬರೆಯಲಿಲ್ಲ. ಮಧ್ಯಸ್ಥರು ಸರಿ ಅಂದರು, ಚುಕ್ಕೆಯನ್ನು ಮಾತ್ರ ತೆಗೆಯಲಿಲ್ಲ. ಡಾಕ್ಟರು ಎರಡು ದಿನ ಬಿಟ್ಟು ಬರೆದರು. ನಮ್ಮಲ್ಲೂ ವಿಶ್ವಕರ್ಮ ಪೂಜೆಗೆ ರೋಗಿಯ ಕುರ್ಚಿಗೆ ಸಿಂಧೂರ ಹಚ್ಚುತ್ತಾರೆ, ಹಲ್ಲು ಕೊರೆಯುವ ಯಂತ್ರದ ಮೂತಿಗೆ ಹಚ್ಚುವುದಿಲ್ಲ, ಕ್ಯಾಮೆರಾ ಕಳಿಸುತ್ತಿದ್ದೇನೆ, ರಿಪೇರಿ ಮಾಡಿ, ಅಂತ.

ಅದು ಬಂದ ದಿನ ಅಮ್ಮನೂ ಬಂದರು, ನೋಡಬೇಕು ಅಂತ. ಬಿಳಿ ಹಾಳೆ ಹಾಸಿ, ಮುಂದಿನ ಲೆನ್ಸನ್ನು ರಬ್ಬರ್ ಬಿರಡೆಯಿಂದ ಒತ್ತಿ ತಿರುಗಿಸಿ ತೆಗೆದೆ. ಸ್ಪೀಡಿನ ಬಳೆ, ಅದರ ಕೆಳಗಿನ ತಟ್ಟೆ, ಬಿಚ್ಚಿದ ಸ್ಕ್ರೂಗಳನ್ನೆಲ್ಲ ಬಿಚ್ಚಿದ ಜಾಗದ ಹಾಗೇ ಹಾಳೆಯ ಮೇಲೆ ಇಟ್ಟೆ. ನಿಧಾನದ ಗೇರುಗಳ ಕಟ್ಟನ್ನು ಇಡಿಯಾಗಿ ಎತ್ತಿ ಬಿಳಿ ಪೆಟ್ರೋಲಿನ ಬಟ್ಟಲಿಗೆ ಬಿಟ್ಟೆ. ಸಣ್ಣ ಬ್ರಷ್ ಆಡಿಸಿದಂತೆಲ್ಲ ಬೂದಿ ಬಿಟ್ಟುಕೊಂಡು ತಳಕ್ಕೆ ಇಳಿಯಿತು. ಆ ಕೆಂಪು ಕಣವೂ ಇಳಿಯಿತು. ಅಮ್ಮ ಬಗ್ಗಿ ನೋಡಿದರು. ಪೆಟ್ರೋಲನ್ನು ಮೋರಿಗೆ ಚೆಲ್ಲಬೇಡಿ, ಗಿಡದ ಬುಡಕ್ಕೂ ಆಗುವುದಿಲ್ಲ, ಏನು ಮಾಡುತ್ತೀರಿ ಅಂತ ಕೇಳಿದರು. ಆರಿದ ಮೇಲೆ ಬೂದಿ ಉಳಿಯುತ್ತದೆ, ಒಯ್ಯಿರಿ ಅಂದೆ. ಕೂಡ್ಲಿಗಿಯ ಗಡಿಯಾರದವನಿಂದ ತಂದಿದ್ದ ಎಣ್ಣೆಯನ್ನು ಸೂಜಿಮೊನೆಯಷ್ಟು ಅಚ್ಚುಗಳಿಗೆ ಮುಟ್ಟಿಸಿ, ಕೊನೆಗೆ ತೆಗೆದದ್ದು ಮೊದಲು ಅನ್ನುವ ಹಾಗೆ ಎಲ್ಲವನ್ನೂ ಮತ್ತೆ ಕೂರಿಸಿದೆ. ಮೊದಲ ಸಲ ಒಂದು ಸೆಕೆಂಡು ಎಡವಿತು. ಮತ್ತೆ ಬಿಚ್ಚಿ, ಗೇರಿನ ಕಟ್ಟನ್ನು ಕೂದಲೆಳೆಯಷ್ಟು ಹೊರಗೆ ಸರಿಸಿ ಬಿಗಿದೆ. ಈ ಸಲ ನನ್ನ ಕಿವಿಗೆ ಹಿಡಿಯಲಿಲ್ಲ, ಅಮ್ಮನ ಕಿವಿಗೆ ಹಿಡಿದೆ. ಇಷ್ಟು ವರ್ಷ ಅದನ್ನು ಬಳಸಿದ ಕಿವಿ ಅವರದು. ತಲೆ ಆಡಿಸಿದರು.

ಕಟ್ಟುವ ಹೊತ್ತಾಯಿತು. ಅದೇ ಏಜೆಂಟ ಬಂದು ನಿಂತಿದ್ದ, ಅವನಿಗೆ ಯಾವುದೂ ಗೊತ್ತಿರಲಿಲ್ಲ. ಅಮ್ಮನ ಕೈ ಚೀಲದೊಳಗೆ ಹೋಯಿತು, ಅಲ್ಲೇ ನಿಂತಿತು. ನನ್ನ ಮುಖ ನೋಡಿದರು. ಬೇಡ ಅನ್ನುವ ಬಾಯಿ ನನಗೆ ಇರಲಿಲ್ಲ. ಅವರೇ ಕ್ಯಾಮೆರಾವನ್ನು ಬದಿಗೆ ಸರಿಸಿ, ತೊಗಲಿನ ಖಾಲಿ ಪೆಟ್ಟಿಗೆಯನ್ನು ಮುಂದಕ್ಕೆ ಎಳೆದುಕೊಂಡು, ಅದರ ಮುಚ್ಚಳದ ಮೇಲೆ ಮೂರು ಬೆರಳು ಎಳೆದರು. ಒರೆಸಲಿಲ್ಲ. ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದು ಕಡೆ, ಪೆಟ್ಟಿಗೆಯನ್ನು ಇನ್ನೊಂದು ಕಡೆ ಇಟ್ಟು, ನಡುವೆ ರಟ್ಟು ಕೊಟ್ಟು ಕಟ್ಟಿದೆ. ಏಜೆಂಟ ಚಪ್ಪಲಿ ಬಿಟ್ಟು ಕೈ ಮುಗಿದ.

ಮಾಲು ಎರಡನೇ ಸಲ ಹೋಗುವುದರಿಂದ ಕೂಟದಲ್ಲಿ ಹೊಸದಾಗಿ ವಿವರ ಹಾಕಬೇಕಿತ್ತು. ಅಲ್ಲಿ ದೋಷಗಳು ಅಂತ ಒಂದೇ ಜಾಗ. ಗೀರು, ಎದ್ದ ತೊಗಲು, ಸೀಳು, ಎಲ್ಲ ಬರೆದು ನಿಂತೆ. ವಿಭೂತಿಯನ್ನು ಅಲ್ಲಿ ಬರೆಯುವಂತಿಲ್ಲ, ಬರೆಯದೆ ಬಿಡುವಂತೆಯೂ ಇಲ್ಲ. ಕೊನೆಗೆ ಒಂದು ಸಾಲು ಜಾಗ ಬಿಟ್ಟು, ದೋಷವಲ್ಲದ್ದು ಅಂತ ಹೆಸರು ಕೊಟ್ಟು, ಪೆಟ್ಟಿಗೆಯ ಮುಚ್ಚಳದ ಮೇಲೆ ಮೂರು ಗೆರೆ ಬೂದಿ ಇದೆ, ಒರೆಸುವುದು ಬಿಡುವುದು ಕೊಂಡವರ ಇಷ್ಟ, ಅಂತ ಬರೆದೆ.

ಡಾಕ್ಟರ ಮಾತು ಬಂದಾಗ ಅಮ್ಮ ಅಂಗಡಿಯಲ್ಲಿದ್ದರು, ದುಡ್ಡು ಯಾವಾಗ ಸಿಗುತ್ತದೆ ಅಂತ ಕೇಳಲು ಬಂದಿದ್ದರು. ಹಲವಾಗಲಿನ ಮದುವೆ ಆಗ ಮುಗಿದಿತ್ತು. ಫೋಟೋ ಬಸ್‌ಸ್ಟ್ಯಾಂಡಿನವನೇ ಹಿಡಿದಿದ್ದ. ದಾವಣಗೆರೆಯವನು ಆ ಕ್ಯಾಮೆರಾ ಮಾರಿಬಿಟ್ಟಿದ್ದ, ಇನ್ನೊಂದು ತರಿಸಿಕೊಡುತ್ತೇನೆ ಅಂದಿದ್ದ. ಡಾಕ್ಟರು ಬರೆದದ್ದು ಒಂದೇ ಸಾಲು, ಜೊತೆಗೊಂದು ಫೋಟೋ. ಫೋಟೋ ನಿಧಾನಕ್ಕೆ ಇಳಿಯುತ್ತಿತ್ತು. ಅಮ್ಮನಿಗೆ ಅಷ್ಟು ತಾಳ್ಮೆ ಇರಲಿಲ್ಲ, ಏನು ಬರೆದಿದ್ದಾರೆ ಹೇಳಿ ಅಂದರು.

“ಹೇಳಿದಂಗ ಐತಿ ಅಂತ ಬರದಾರ್ರಿ.”

“ಹಣಿ?”

ಪರದೆಯ ಮೇಲೆ ಪೆಟ್ಟಿಗೆಯ ಮುಚ್ಚಳ ಮೂಡಿತ್ತು.

“ಅದೂ ಹಂಗ ಐತ್ರಿ,” ಅಂದೆ.